ಕೊಬ್ಬರಿಗೆ ಅಟ್ಟವಿದೆ, ನಿಮಗೆ?

ತಿಪಟೂರು ಸೀಮೆಯ ಹಳೇ ಮನೆಗಳಲ್ಲಿ ಅಟ್ಟವಿಲ್ಲದ ಮನೆ ಅಪರೂಪ. ಬಲಿತ ಕಾಯಿ ಅಟ್ಟ ಹತ್ತಿದರೆ ಹತ್ತು ಹನ್ನೊಂದು ತಿಂಗಳು ಅದನ್ನು ಯಾರೂ ಎಬ್ಬಿಸುವುದಿಲ್ಲ. ನೀರು ಇಂಗಿ, ಒಳಗೆ ಗಿಟುಕು ಕುಲುಕುವ ಸದ್ದು ಬಂದ ಮೇಲೆಯೇ ಸುಲಿಯುವುದು. ಕೊಬ್ಬರಿಗೆ ಇಷ್ಟು ತಾಳ್ಮೆಯಿಂದ ಜಾಗ ಕೊಡುವ ಊರಿನಲ್ಲಿ, ತುರುವೇಕೆರೆ ಕಡೆಯಿಂದ ಓದಲು ಬಂದ ಹುಡುಗಿಗೋ ನಾರಿನ ಕಾರ್ಖಾನೆಯ ಕೂಲಿಯವನಿಗೋ ಕೈಗೆಟಕುವ ಬಾಡಿಗೆಗೆ ಒಂದು ರೂಮು ಹುಡುಕಿ ನೋಡಿ.

ಹುಡುಗರೇ, ಹುಡುಗಿಯರೇ, ನಿಮಗೊಂದು ಕೆಲಸ. ಮನೆ ಕಂದಾಯದ ರಸೀದಿ ತೆಗೆದು ಓದಿ. ಅಪ್ಪನ ಬೀರುವಿನಲ್ಲಿ ಪಹಣಿಯ ಪಕ್ಕ ಇರುತ್ತದೆ. ಕ್ರಾಂತಿಗೆ ಕರೆಯುವವರು ಯಾರೂ ಕಂದಾಯದ ರಸೀದಿಯಿಂದ ಶುರುಮಾಡಿದ್ದಿಲ್ಲ, ಗೊತ್ತು. ಆದರೂ ಓದಿ.

ನಮ್ಮ ಪುರಾಡಳಿತದ ಕಾನೂನಿನಲ್ಲಿ ಕಂದಾಯದ ವಿನಾಯಿತಿ ಹೊಸದೇನಲ್ಲ. ದೇವಸ್ಥಾನ, ಮಸೀದಿಗೆ ಇದೆ, ಅನಾಥಾಲಯಕ್ಕಿದೆ, ಬಾಡಿಗೆ ತೆಗೆದುಕೊಳ್ಳದ, ಇಲ್ಲವೇ ಬಾಡಿಗೆಯನ್ನು ಧರ್ಮಕಾರ್ಯಕ್ಕೇ ಬಳಸುವ ಛತ್ರಕ್ಕೂ ಇದೆ. ಅದು ನ್ಯಾಯವೇ. ನಮ್ಮದೇ ಜಿಲ್ಲೆಯ ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಛತ್ರ ಕಟ್ಟಿಸಿದರು, 1903ರಲ್ಲಿ ಅದರ ಬಾಗಿಲು ತೆರೆಯಿತು. ದಾರಿಹೋಕರ ಜೊತೆಗೆ ಓದುವ ಮಕ್ಕಳಿಗೂ ಅಲ್ಲಿ ನೆಲೆ ಸಿಕ್ಕಿತು. ಆದರೆ ಎಲ್ಲರೂ ತೋಟದಪ್ಪನವರಾಗಲು ಸಾಧ್ಯವೇ? ಹಿತ್ತಿಲಲ್ಲಿ ಎರಡು ರೂಮು ಕಟ್ಟಿಸಿ, ಬಡವರ ಮಕ್ಕಳೆಂದು ಕಡಿಮೆ ಬಾಡಿಗೆಗೆ ಕೊಡುವ ಅಜ್ಜಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿದವರಿಗೆ ಶೇ. 5 ರಿಯಾಯಿತಿ ಕೊಡಬಲ್ಲ ಕಾನೂನು, ಕಡಿಮೆ ಬಾಡಿಗೆ ಪಡೆಯುವವರಿಗೆ ಯಾಕೆ ಕೊಡಬಾರದು?

ಬೆಂಗಳೂರಿನ ಕಥೆ ಇನ್ನೂ ವಿಚಿತ್ರ. 2008ರಲ್ಲಿ ಅಲ್ಲಿ ಬಂದ ವಲಯವಾರು ಪದ್ಧತಿಯಲ್ಲಿ ಮಾಲೀಕ ತಾನೇ ವಾಸವಿರುವ ಮನೆಗೆ ಒಂದು ದರ, ಬಾಡಿಗೆಗೆ ಕೊಟ್ಟ ಮನೆಗೆ ಅದರ ಎರಡರಷ್ಟು. ಆ ಹೊರೆ ಕೊನೆಗೆ ಯಾರ ಹೆಗಲಿಗೆ ಬರುತ್ತದೆಂದು ಬಾಡಿಗೆದಾರರನ್ನು ಕೇಳಬೇಕೇ! ಇತ್ತ 2024ರಲ್ಲಿ ಜಿ.ಎಸ್.ಟಿ. ಮಂಡಳಿ, ತಲೆಗೆ ತಿಂಗಳಿಗೆ 20,000 ರೂಪಾಯಿ ಮೀರದ, ಕನಿಷ್ಠ 90 ದಿನ ಸತತವಾಗಿ ಉಳಿಯುವ ಹಾಸ್ಟೆಲ್ ವಾಸಕ್ಕೆ ತೆರಿಗೆ ಬಿಟ್ಟಿತು. ದಿಲ್ಲಿಗೆ ಹೊಳೆದದ್ದು ನಮ್ಮ ಊರಿನ ಕಂದಾಯದ ಕೌಂಟರಿಗೆ ಇನ್ನೂ ಹೊಳೆದಿಲ್ಲ.

ವಿನಾಯಿತಿಯನ್ನು ಕಣ್ಣು ಮುಚ್ಚಿಕೊಂಡು ಕೇಳಬೇಡಿ. ನ್ಯೂಯಾರ್ಕ್ ನಗರ 1971ರಲ್ಲಿ ಹೊಸ ವಸತಿ ಕಟ್ಟಡಗಳಿಗೆ ಕಂದಾಯ ಬಿಟ್ಟಿತು. ಲಾಭ ಶ್ರೀಮಂತರ ಮಹಡಿಮನೆಗಳಿಗೂ ಹೋಯಿತು. ಇಷ್ಟು ಮನೆ ಕಡಿಮೆ ಬಾಡಿಗೆಯವಾಗಿರಲೇಬೇಕು ಎಂಬ ಷರತ್ತು ಬಂದದ್ದು ಆಮೇಲೆ. ಆದ್ದರಿಂದ ನಮ್ಮ ಬೇಡಿಕೆ ಚೊಕ್ಕವಾಗಿರಲಿ: ರಿಯಾಯಿತಿ ಮಾಲೀಕನ ಮುಖ ನೋಡಿ ಅಲ್ಲ, ಬಾಡಿಗೆಯ ಅಂಕಿ ನೋಡಿ. ಬಾಡಿಗೆಗೆ ಮಿತಿ, ರೂಮಿಗೆ ಕಿಟಕಿ, ನೀರು, ಶೌಚಾಲಯ, ಬರೆದುಕೊಟ್ಟ ಕರಾರು. ಮಾತು ತಪ್ಪಿದರೆ ಬಿಟ್ಟ ಕಂದಾಯ ವಾಪಸ್. ಬೀದಿದೀಪಕ್ಕೂ ಚರಂಡಿಗೂ ದುಡ್ಡು ಬರುವುದು ಇದೇ ಕಂದಾಯದಿಂದ. ಆ ನಷ್ಟವನ್ನು ರಾಜ್ಯ ಸರ್ಕಾರ ತುಂಬಿಕೊಡಬೇಕೆಂದೂ ಕೇಳಿ.

ಕಾನೂನು ತಿದ್ದುವುದು ವಿಧಾನಸೌಧದಲ್ಲೇ, ನಿಜ. ಆದರೆ ನಿರ್ಣಯ ಇಲ್ಲಿಂದ ಹೋಗಬಹುದು. ತಿಪಟೂರಿನ ನಗರಸಭೆ, ಚಿಕ್ಕನಾಯಕನಹಳ್ಳಿಯ ಪುರಸಭೆ, ತುರುವೇಕೆರೆಯ ಪಟ್ಟಣ ಪಂಚಾಯಿತಿ ಮೂರಕ್ಕೂ ಒಂದೇ ಅರ್ಜಿ ಕೊಡಿ. ಅದಕ್ಕೆ ಮೊದಲು ನಿಮ್ಮ ಕಾಲೇಜಿನ ಗೆಳೆಯರು ಎಲ್ಲಿದ್ದಾರೆ, ಎಷ್ಟು ಬಾಡಿಗೆ, ಎಷ್ಟು ಅಡ್ವಾನ್ಸ್, ದಿನಾ ಬಸ್ಸಿನಲ್ಲಿ ಎಷ್ಟು ಹೊತ್ತು ನಿಂತು ಬರುತ್ತಾರೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅಂಕಿ ಹಿಡಿದು ಬಂದವರನ್ನು ಸುಮ್ಮನೆ ಸಾಗಹಾಕುವುದು ಕಷ್ಟ.

ಹಳ್ಳಿಯವರಿಗೆ ಗ್ರಾಮಸಭೆಯಿದೆ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕೆಂದು ಕಾನೂನೇ ಹೇಳುತ್ತದೆ. ಈ ಸಲ ಹಿಂದಿನ ಸಾಲಿನಲ್ಲಿ ನಿಲ್ಲಬೇಡಿ. ಮುಂದೆ ಬಂದು ಕೂತುಕೊಳ್ಳಿ. ಕಂದಾಯದ ರಸೀದಿ ಜೇಬಿನಲ್ಲಿರಲಿ.