ಬೆಟ್ಟದ ಎತ್ತರವೂ ಕಾಲಿನ ಲೆಕ್ಕವೂ

ಬೆಟ್ಟ ಹತ್ತಬೇಕೆಂದು ಮಲೆನಾಡಿಗೆ ಬರುವವರು ಮೊದಲು ಕೇಳುವ ಪ್ರಶ್ನೆ, "ಎಷ್ಟು ಎತ್ತರ?" ಎಂಬುದು. ಎತ್ತರ ತಿಳಿದರೆ ಕಷ್ಟವೂ ತಿಳಿದಂತೆ ಎಂಬ ನಂಬಿಕೆ ಅವರದು. ಈ ನಂಬಿಕೆಗೆ ಆಧಾರ ಎಷ್ಟು ಕಡಿಮೆ ಎಂಬುದಕ್ಕೆ ದೂರ ಹೋಗಬೇಕಾದ್ದಿಲ್ಲ. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಶಿಖರ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ. ಸುಮಾರು 1,930 ಮೀಟರು. ಅದರ ನೆತ್ತಿಯ ಹತ್ತಿರದವರೆಗೂ ಮೋಟಾರು ರಸ್ತೆಯಿದೆ. ಉಳಿದದ್ದು ಮೆಟ್ಟಿಲು. ವಯಸ್ಸಾದವರೂ ಅಲ್ಲಲ್ಲಿ ಕೂತು ದಣಿವಾರಿಸಿಕೊಂಡು ಗದ್ದಿಗೆಯ ದರ್ಶನ ಮಾಡಿ ಇಳಿಯುತ್ತಾರೆ. ಕುಮಾರ ಪರ್ವತ ಇದಕ್ಕಿಂತ ಇನ್ನೂರು ಮೀಟರಿಗೂ ಹೆಚ್ಚು ಗಿಡ್ಡ, 1,712 ಮೀಟರು. ಆದರೆ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹೊರಟವನಿಗೆ ಅದರ ಹೆಸರು ಹೇಳಿದರೆ ಮೊಣಕಾಲು ನೆನಪಾಗುತ್ತದೆ. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ, ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರಿನಲ್ಲಿ. ಅಲ್ಲಿಂದ ಮೇಲಕ್ಕೆ ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿದ ಏರನ್ನು ಪೂರ್ತಿ ತನ್ನ ಕಾಲಿನಿಂದಲೇ ಮುಗಿಸಬೇಕು.

ಆದ್ದರಿಂದ ನಾನು ಹೇಳಹೊರಟಿರುವುದು ಇಷ್ಟು: ನಮ್ಮ ಕಡೆಯ ಬೆಟ್ಟದ ದಾರಿಯನ್ನು ಸುಲಭವೆಂದೋ ಕಠಿಣವೆಂದೋ ಹೇಳುವ ಮೊದಲು ಮೂರು ವಿಷಯ ಕೇಳಿಕೊಳ್ಳಬೇಕು. ಎಲ್ಲಿಂದ ಹೊರಟಿರಿ, ಯಾವ ಮಳೆಯಲ್ಲಿ ಹೊರಟಿರಿ, ಎಷ್ಟು ಗಂಟೆಗೆ ಹಿಂದಿರುಗುತ್ತೀರಿ?

ಕೊಪ್ಪ ತಾಲೂಕಿನ ಹಿರೇಕೊಡಿಗೆಯನ್ನು ನಡುವೆ ಇಟ್ಟುಕೊಂಡು ಒಮ್ಮೆ ಸುತ್ತ ನೋಡೋಣ. 1904ರ ಡಿಸೆಂಬರ್ 29ರಂದು ಕುವೆಂಪು ಅವರು ಹುಟ್ಟಿದ ಊರೆಂದು ಹಿರೇಕೊಡಿಗೆ ನಾಡಿಗೆಲ್ಲ ಗೊತ್ತು. ಅದು ಅವರ ತಾಯಿಯ ತವರು. ತಂದೆಯ ಮನೆ ತೀರ್ಥಹಳ್ಳಿ ತಾಲೂಕಿನ ಕುಪ್ಪಳಿ. ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬರುವುದು, ನೆಂಟರು ಹಬ್ಬಕ್ಕೆ ಹೋಗುವುದು, ಆಳುಗಳು ಅಡಕೆ ಕೊಯ್ಲಿಗೆ ಬರುವುದು, ಘಟ್ಟದ ಕೆಳಗಿನಿಂದ ಹೇರೆತ್ತುಗಳು ಉಪ್ಪನ್ನೂ ಒಣಮೀನನ್ನೂ ಹೊತ್ತು ತರುವುದು, ಎಲ್ಲವೂ ಆ ಕಾಲದಲ್ಲಿ ಇಂಥ ಗುಡ್ಡಗಳ ನಡುವಿನ ದಾರಿಗಳಲ್ಲೇ. ಅವರಿಗೆ ಬೆಟ್ಟ ಹತ್ತುವುದೊಂದು ವಿನೋದವಾಗಿರಲಿಲ್ಲ. ಅದಕ್ಕೇ ಅವರ ಲೆಕ್ಕ ಬಹಳ ಖಚಿತ. ಹತ್ತಿರದ್ದು ಕೂಗಳತೆ, ದೂರದ್ದು ಹರದಾರಿ. ಆದರೆ ಹರದಾರಿ ಹೇಳಿದವನು ಅಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ. "ಹಳ್ಳಕ್ಕೆ ಸಂಕ ಹಾಕಿದಾರೋ ಇಲ್ವೋ ಕೇಳ್ಕಳಿ" ಎಂದು ಒಂದು ಮಾತು ಸೇರಿಸುತ್ತಿದ್ದ. ದಾರಿಯ ಕಷ್ಟವೆಲ್ಲ ಆ ಒಂದು ಮಾತಿನಲ್ಲಿ ಅಡಗಿರುತ್ತಿತ್ತು. ಇಂದಿನ ಭೂಪಟ ಹಳ್ಳವನ್ನು ನೀಲಿ ಗೆರೆಯಾಗಿ ತೋರಿಸುತ್ತದೆ. ಅದರ ಮೇಲಿನ ಎರಡು ಅಡಕೆಮರದ ಸಂಕ ಹೋದ ವಾರ ಕೊಚ್ಚಿಹೋಯಿತೆಂದು ತೋರಿಸುವುದಿಲ್ಲ.

ಎಲ್ಲಕ್ಕಿಂತ ಸುಲಭದ ನಡಿಗೆಯೆಂದರೆ ಕುಪ್ಪಳಿಯ ಮನೆಯ ಹಿಂದಿನ ಕವಿಶೈಲ. ಅದನ್ನು ಬೆಟ್ಟ ಹತ್ತುವುದೆಂದು ಕರೆದರೆ ಬೆಟ್ಟಕ್ಕೇ ನಗು ಬಂದೀತು. ಆದರೂ ಮಕ್ಕಳನ್ನು ಕಾಡಿನ ಅಂಚಿನಲ್ಲಿ ನಡೆಸಿ ರೂಢಿ ಮಾಡಿಸಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. 1994ರಲ್ಲಿ ತೀರಿಕೊಂಡ ಕವಿಯ ಸಮಾಧಿಯೂ ಅಲ್ಲೇ ಇದೆ.

ಅದರ ಮುಂದಿನದು ಕುಂದಾದ್ರಿ. ಆಚಾರ್ಯ ಕುಂದಕುಂದರ ಹೆಸರಿನೊಡನೆ ಸೇರಿಹೋದ ಜೈನ ಕ್ಷೇತ್ರ. ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿ, ಬಂಡೆಯ ನಡುವೆ ಕೊಳ. ಗುಡ್ಡೇಕೇರಿಯ ಕಡೆಯಿಂದ ಮೇಲಿನವರೆಗೂ ರಸ್ತೆ ಇರುವುದರಿಂದ ಇದನ್ನು ಸುಲಭದ ಪಟ್ಟಿಗೆ ಸೇರಿಸುವುದು ವಾಡಿಕೆ. ನನಗೆ ಇದರಲ್ಲಿ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಹತ್ತುವುದು ಸುಲಭ, ನಿಜ. ನಿಲ್ಲುವುದು ಸುಲಭವಲ್ಲ. ಬಸದಿಯ ಆಚೆ ಬಂಡೆ ಒಮ್ಮೆಗೇ ಕಡಿದು ಕೆಳಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಆ ಬಂಡೆಯ ಮೇಲೆ ಹಾವಸೆ ಕಟ್ಟಿರುತ್ತದೆ, ಮಂಜು ಕವಿದರೆ ಹತ್ತು ಮಾರು ಆಚೆಗೆ ಕಾಣಿಸುವುದಿಲ್ಲ. ದಣಿದು ಹತ್ತಿದವನಿಗೆ ಬೆಟ್ಟದ ಮೇಲೆ ಒಂದಿಷ್ಟು ಭಯಭಕ್ತಿ ಇರುತ್ತದೆ. ಕಾರಿನಿಂದ ಇಳಿದವನು ಪೇಟೆಯ ಚಪ್ಪಲಿಯಲ್ಲೇ ಅಂಚಿಗೆ ನಡೆಯುತ್ತಾನೆ.

ಕವಲೇದುರ್ಗದ ದಾರಿ ಇದಕ್ಕೆ ಪೂರ್ತಿ ಬೇರೆ. ಗದ್ದೆಯ ಬದಿಯಲ್ಲಿ ಹೊರಟು, ಕೆಳದಿಯ ನಾಯಕರ ಕಾಲದ ಕೋಟೆಯೊಳಕ್ಕೆ ಬಾಗಿಲಿನಿಂದ ಬಾಗಿಲಿಗೆ ಕಲ್ಲು ಹಾಸಿದ ಏರು. ದಾರಿ ತಪ್ಪುವ ಮಾತಿಲ್ಲ. ಬಿಸಿಲಿನಲ್ಲಿ ಮಧ್ಯಮ, ಮಳೆಯಲ್ಲಿ ಜಾರು. ಆ ನಯವಾದ ಹಾಸುಗಲ್ಲಿನ ಮೇಲೆ ಇಳಿಯುವಾಗ ಕೈಯಲ್ಲೊಂದು ದೊಣ್ಣೆ ಇರಲಿ.

ಈ ಸುತ್ತಿನಲ್ಲಿ ನಿಜವಾಗಿ ಬೆಟ್ಟವೆನ್ನಿಸಿಕೊಳ್ಳುವುದು ನರಸಿಂಹ ಪರ್ವತ. ಎತ್ತರ ಸುಮಾರು 1,150 ಮೀಟರು. ಶೃಂಗೇರಿಯ ಹತ್ತಿರದ ಕಿಗ್ಗದ ಕಡೆಯಿಂದ ಒಂದು ದಾರಿ, ಆಗುಂಬೆಯ ಮಗ್ಗುಲಿನ ಮಲ್ಲಂದೂರಿನ ಕಡೆಯಿಂದ ಇನ್ನೊಂದು. ಕಿಗ್ಗ ಮಲೆಯ ಮೇಲಿನ ಊರೇ ಆದ್ದರಿಂದ ಹತ್ತಬೇಕಾದ ಏರು ಅಂಕಿಗಿಂತ ಎಷ್ಟೋ ಕಡಿಮೆ. ಹಾಗಾದರೆ ಕಷ್ಟವೆಲ್ಲಿ? ಕಷ್ಟ ಕಾನಿನಲ್ಲಿ. ಕೆಳಗೆ ದಟ್ಟವಾದ ನಿತ್ಯಹಸುರಿನ ಕಾಡು, ನಡುಹಗಲಿನಲ್ಲೂ ಅರೆಗತ್ತಲೆ. ದನಗಳು ತುಳಿದ ಜಾಡು, ಸೌದೆಯವರ ಜಾಡು, ನಮ್ಮ ದಾರಿ, ಎಲ್ಲವೂ ನೋಡಲು ಒಂದೇ. ಕಾನು ದಾಟಿ ಹುಲ್ಲುಗಾವಲಿಗೆ ಬಂದೊಡನೆ ಗೆದ್ದೆವೆನಿಸುತ್ತದೆ. ಅಲ್ಲಿಯೂ ಮಳೆಗಾಲ ಮುಗಿದ ಹೊಸದರಲ್ಲಿ ಹುಲ್ಲು ಆಳೆತ್ತರ ಬೆಳೆದು ಕಾಲ ಕೆಳಗಿನ ಕಲ್ಲೂ ಕಾಣಿಸದು, ಮುಂದಿನ ಜಾಡೂ ಕಾಣಿಸದು. ಹತ್ತುವಾಗ ನೆತ್ತಿಯೊಂದೇ ಗುರಿ. ಎಲ್ಲಿ ಹತ್ತಿದರೂ ಅಲ್ಲಿಗೇ ಸೇರುತ್ತೀರಿ. ಇಳಿಯುವಾಗ ಹಾಗಲ್ಲ. ಒಂದೊಂದು ಏಣೂ ಒಂದೊಂದು ಕಣಿವೆಗೆ ಇಳಿಸುತ್ತದೆ. ನೆತ್ತಿಯ ಮೇಲೆ ಬಿದ್ದ ಮಳೆಯನ್ನೇ ನೋಡಿ: ಪಶ್ಚಿಮಕ್ಕೆ ಇಳಿದದ್ದು ಸೀತಾನದಿಯಾಗಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ, ಪೂರ್ವಕ್ಕೆ ಇಳಿದದ್ದು ತುಂಗೆಯನ್ನು ಸೇರಿ, ಕೃಷ್ಣೆಯ ಜೊತೆಗೆ ನಾಡೆಲ್ಲ ಸುತ್ತಿ ಬಂಗಾಳ ಕೊಲ್ಲಿಗೆ. ಸಂಜೆಯ ಮಂಜಿನಲ್ಲಿ ತಪ್ಪು ಏಣು ಹಿಡಿದವನ ಪಾಡೂ ಹೆಚ್ಚು ಕಡಿಮೆ ಇದೇ.

ಅದಕ್ಕಾಗಿಯೇ ಹಿಂದಿರುಗುವ ಹೊತ್ತನ್ನು ಕೇಳಿದೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಮೇಲಾದರೂ ಕಾನಿನೊಳಗೆ ಐದೂವರೆಗೇ ಕತ್ತಲೆ. ನೆತ್ತಿ ಇನ್ನೂ ಒಂದು ಫರ್ಲಾಂಗಿದ್ದರೂ ಸರಿಯೆ, ಮಧ್ಯಾಹ್ನ ಎರಡಕ್ಕೆ ಬೆನ್ನು ತಿರುಗಿಸಬೇಕು.

ಕುದುರೆಮುಖದ ಮಾತು ಚಿಕ್ಕದಾಗಿ ಮುಗಿಸುತ್ತೇನೆ. 1,894 ಮೀಟರು, ಮುಳ್ಳೋಡಿಯಿಂದ ಹೋಗಿ ಬರುವುದಕ್ಕೆ ಸುಮಾರು 20 ಕಿಲೋಮೀಟರು. ದಾರಿ ಸ್ಪಷ್ಟ, ಆದರೆ ಉದ್ದ, ಹಳ್ಳಗಳನ್ನು ದಾಟಬೇಕು. 1987ರಿಂದ ಅದು ರಾಷ್ಟ್ರೀಯ ಉದ್ಯಾನ; ಮೇಲೆ ರಾತ್ರಿ ತಂಗುವಂತಿಲ್ಲ. ಆದ್ದರಿಂದ ಬೆಳಿಗ್ಗೆ ತಡವಾಗಿ ಹೊರಟವರು ಅರ್ಧದಿಂದಲೇ ವಾಪಸು.

ಇನ್ನು ಮಳೆಯ ವಿಷಯ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಬೀಳುವ ಮಳೆ ಸುಮಾರು 7,600 ಮಿಲಿಮೀಟರು, ಎಂದರೆ 300 ಇಂಚು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಆರಿದ್ರೆ ಹಿಡಿದು, ಪುನರ್ವಸು, ಪುಷ್ಯ ಕಳೆದು, ಆಶ್ಲೇಷಾ ಮುಗಿಯುವವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ನಮ್ಮ ಹಿರಿಯರು ಗದ್ದೆಗೆ ಬಿಟ್ಟು ಬೇರೆ ಕಡೆಗೆ ಕಾಲು ಹಾಕುತ್ತಿರಲಿಲ್ಲ. ಹಾಕಿದರೂ ಕಂಬಳಿಕೊಪ್ಪೆ, ಕೈಯಲ್ಲಿ ಕತ್ತಿ. ಸ್ವಾತಿ ಮಳೆ ಮುಗಿದ ಮೇಲೆ, ನವೆಂಬರಿನಿಂದ ಜನವರಿಯವರೆಗೆ, ನೆಲ ಗಟ್ಟಿ, ಹಳ್ಳದಲ್ಲಿ ಇನ್ನೂ ನೀರು, ಗಾಳಿಯಲ್ಲಿ ತಂಪು. ಮಾರ್ಚ್ ಬಂತೆಂದರೆ ಹುಲ್ಲು ಒಣಗಿ ಕರಡವಾಗಿರುತ್ತದೆ. ಒಂದು ಬೀಡಿಯ ತುಂಡು ಗುಡ್ಡವನ್ನೇ ಸುಟ್ಟೀತು, ಮೇಲೆ ಕುಡಿಯಲು ನೀರೂ ಇರುವುದಿಲ್ಲ. ಒಂದೇ ದಾರಿ ವರ್ಷದಲ್ಲಿ ಮೂರು ದಾರಿ. ಯಾವ ತಿಂಗಳಿಗೆಂದು ಹೇಳದೆ "ಮಧ್ಯಮ ದರ್ಜೆ" ಎಂದು ಬರೆದಿಡುವುದರಲ್ಲಿ ಅರ್ಥವಿಲ್ಲ.

ಚಾರಣವೆಂಬ ಹೆಸರು ಬಂದ ಮೇಲೆ ಇನ್ನೊಂದು ಕಷ್ಟವೂ ಸೇರಿದೆ: ಜನ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ಬುಡದಲ್ಲಿ ಸೇರಿದ ನೂಕುನುಗ್ಗಲನ್ನು ಕಂಡು ಸರ್ಕಾರ ಹಲವು ಕಡೆ ಚಾರಣವನ್ನೇ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆ ಅಂತರ್ಜಾಲದಲ್ಲಿ ಮುಂಗಡವಾಗಿ ಹೆಸರು ನೋಂದಾಯಿಸುವ ಏರ್ಪಾಡು ತಂದು, ಒಂದು ದಾರಿಗೆ ದಿನಕ್ಕೆ 300 ಜನರೆಂದು ಮಿತಿ ಹಾಕಿತು. ಗೊಣಗುವವರಿದ್ದಾರೆ. ಹುಲ್ಲುಗಾವಲಿನ ತೆಳುವಾದ ಮಣ್ಣು ಸಾವಿರ ಬೂಟುಗಳ ತುಳಿತಕ್ಕೆ ಸಿಕ್ಕಿ ಮುಂದಿನ ಮಳೆಗೆ ಕೊರಕಲಾಗುವುದನ್ನು ಕಂಡವರು ಗೊಣಗಲಾರರು. ಯಾವ ಬೆಟ್ಟಕ್ಕೆ, ಯಾವ ಕಡೆಯಿಂದ ಈಗ ಅನುಮತಿ ಉಂಟೆಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ಜೊತೆಗೆ ಸ್ಥಳದವನೊಬ್ಬನಿರಲಿ.

ಕೊನೆಗೆ ರಕ್ತ ಹೀರುವ ಎರಡು ಜೀವಿಗಳ ಮಾತು. ಪೇಟೆಯವರಿಗೆಲ್ಲ ಇಂಬಳವೆಂದರೆ ಭಯ. ಪಾಪ, ಅದು ಹೊಟ್ಟೆ ತುಂಬಿದರೆ ತಾನೇ ಉದುರುತ್ತದೆ. ಸುಣ್ಣ, ಹೊಗೆಸೊಪ್ಪು ಸೋಕಿದರೆ ಬಿಡುತ್ತದೆ. ಸ್ವಲ್ಪ ಹೊತ್ತು ರಕ್ತ ಸೋರುವುದು ಬಿಟ್ಟರೆ ಹೇಳಿಕೊಳ್ಳುವಂಥ ಅಪಾಯವಿಲ್ಲ. ಹೆದರಬೇಕಾದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಉಣುಗಿಗೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತಿಗೆ ಬಂದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವುದು ಅದೇ. ಈಚಿನ ವರ್ಷಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲೂ ಆ ಕಾಯಿಲೆ ಕಾಣಿಸಿಕೊಂಡಿದೆ. ಉಣುಗಿನ ಮರಿಗಳು ಹೆಚ್ಚಾಗಿ ಓಡಾಡುವುದು ನವೆಂಬರ್ ಡಿಸೆಂಬರಿನಿಂದ ಮೇ ವರೆಗೆ. ಅಂದರೆ ಬೆಟ್ಟ ಹತ್ತುವುದಕ್ಕೆ ಒಳ್ಳೆಯ ಕಾಲವೆಂದು ನಾನೇ ಈಗ ಹೇಳಿದ ತಿಂಗಳುಗಳಲ್ಲೇ. ಮೈತುಂಬ ಬಟ್ಟೆ ತೊಡಿ, ಷರಾಯಿಯ ತುದಿಯನ್ನು ಕಾಲುಚೀಲದೊಳಕ್ಕೆ ಸೇರಿಸಿ, ತರಗೆಲೆಯ ಮೇಲೆ ಕೂರಬೇಡಿ. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಊರಿನಲ್ಲಿ ತಿಳಿಸಿ. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮಿಂದು ಮೈಯೆಲ್ಲ ನೋಡಿಕೊಳ್ಳಿ. ಒಂದು ವಾರ ಹತ್ತು ದಿನದೊಳಗೆ ಜ್ವರವೂ ತಲೆನೋವೂ ಬಂದರೆ, ಡಾಕ್ಟರ ಬಳಿ ಹೋದಾಗ ಯಾವ ಕಾಡಿಗೆ ಹೋಗಿದ್ದಿರೆಂದು ಅವರು ಕೇಳುವ ಮೊದಲೇ ಹೇಳಿಬಿಡಿ.