ಇಂಗ್ಲಿಷಿನ ‘ದಿ’, ಕನ್ನಡದ ‘ಆ’



ಇಂಗ್ಲಿಷು ಬರೆಯುವ ಕನ್ನಡಿಗರಲ್ಲಿ ಎರಡು ಪಂಗಡಗಳುಂಟು. ಮೊದಲನೆಯವರು ‘ದಿ’ ಎಂಬ ಪುಟ್ಟ ಪದವನ್ನು ಸಾರಿಗೆ ಉಪ್ಪು ಉದುರಿಸಿದಂತೆ ಎಲ್ಲೆಡೆಯೂ ಉದುರಿಸುತ್ತಾರೆ; ಎರಡನೆಯವರು ಅದರ ಗೊಡವೆಗೇ ಹೋಗುವುದಿಲ್ಲ. ನಾವೂ ಒಂದೊಂದು ಕಾಲದಲ್ಲಿ ಒಂದೊಂದು ಪಂಗಡದಲ್ಲಿದ್ದವರೇ. ಕನ್ನಡದಲ್ಲಿ ಇಂಥ ಪದವಿಲ್ಲವಾದುದರಿಂದ ಇದು ನಮಗೆ ಒಲಿಯದೆಂಬ ಮಾತುಂಟು. ಅದು ಅರ್ಧ ಮಾತ್ರ ನಿಜ. ಪದವಿಲ್ಲ, ಅದರ ಭಾವ ನಮ್ಮಲ್ಲಿ ಧಾರಾಳವಾಗಿದೆ.

ಅಜ್ಜಿಯರು ಕಥೆ ಹೇಳುವ ರೀತಿಯನ್ನು ನೆನೆಯಿರಿ. “ಒಬ್ಬ ರಾಜನಿದ್ದ, ಆ ರಾಜನಿಗೆ ಮೂವರು ಮಕ್ಕಳು.” ಮೊದಲ ಸಲ ‘ಒಬ್ಬ’, ಗುರುತಾದ ಮೇಲೆ ‘ಆ’. ಇಂಗ್ಲಿಷಿನಲ್ಲಿ ಮೊದಲು ‘ಎ ಕಿಂಗ್’, ಅನಂತರ ‘ದಿ ಕಿಂಗ್’. ‘ಯಾವುದು’ ಎಂಬುದು ಹೇಳುವವನಿಗೂ ಕೇಳುವವನಿಗೂ ತಿಳಿದಿದೆಯೆಂಬ ಒಡಂಬಡಿಕೆಯೇ ‘ದಿ’.

ಇನ್ನೊಂದು ನಿದರ್ಶನ. ಕೊಳ್ಳೇಗಾಲ ರೇಷ್ಮೆಗೆ ಹೆಸರಾದ ಊರು. “ಕೊಳ್ಳೇಗಾಲದಲ್ಲಿ ಸೀರೆ ಕೊಂಡೆವು” ಎಂದರೆ ಯಾವುದೋ ಒಂದು ಸೀರೆ. “ಸೀರೆಯನ್ನು ಕೊಂಡೆವು” ಎಂದರೆ, ಆಡುಮಾತಿನಲ್ಲಿ, ಮೊದಲೇ ಪ್ರಸ್ತಾಪಕ್ಕೆ ಬಂದಿದ್ದ ಸೀರೆ. ಇಲ್ಲಿ ದ್ವಿತೀಯಾ ವಿಭಕ್ತಿಯು ಮಾಡುವ ಕೆಲಸವನ್ನು ಅಲ್ಲಿ ‘ದಿ’ ಮಾಡುತ್ತದೆ. ರೇಷ್ಮೆಯನ್ನು ಕುರಿತ ಸಾಮಾನ್ಯ ಮಾತಿಗೆ ಬರಿಯ ‘ಸಿಲ್ಕ್’ ಸಾಕು. ನಿಮ್ಮ ಕೈಯಲ್ಲಿರುವ ರೇಷ್ಮೆಯೇ ಆದರೆ ‘ದಿ ಸಿಲ್ಕ್’.

ಆದರೆ ‘ದಿ’ ಬಂದೆಡೆಯಲ್ಲೆಲ್ಲ ‘ಆ’ ಹೊಂದದು. ಒಂದೇ ಒಂದಿರುವುದಕ್ಕೆ ಪರಿಚಯ ಬೇಕಿಲ್ಲ. 1807ರಲ್ಲಿ ಯಳಂದೂರು ಜಾಗೀರು ದಿವಾನ್ ಪೂರ್ಣಯ್ಯನವರಿಗೆ ದತ್ತವಾಯಿತು. ಅಂದಿನ ಸಂಸ್ಥಾನಕ್ಕೆ ದಿವಾನರು ಒಬ್ಬರೇ. ಆದುದರಿಂದ ಹೆಸರಿಲ್ಲದಿದ್ದರೆ ‘ದಿ ದಿವಾನ್’. ಹೆಸರು ಸೇರಿತೋ, ‘ದಿವಾನ್ ಪೂರ್ಣಯ್ಯ’. ‘ದಿ’ಗೆ ಅಲ್ಲಿ ಕೆಲಸವಿಲ್ಲ.

ಊರುಗಳಿಗೂ ಹಾಗೆಯೇ: ಕೊಳ್ಳೇಗಾಲ, ಹನೂರು, ಯಳಂದೂರು. ನದಿಗೂ ಗಿರಿಶ್ರೇಣಿಗೂ ಮಾತ್ರ ‘ದಿ’ ಸಲ್ಲುತ್ತದೆ: ‘ದಿ ಕಾವೇರಿ’, ‘ದಿ ಬಿಳಿಗಿರಿರಂಗನ್ ಹಿಲ್ಸ್’. ಇದು ರೂಢಿ, ತರ್ಕ ಹುಡುಕದೆ ಕಲಿಯತಕ್ಕದ್ದು.

ಇಷ್ಟು ಚಿಕ್ಕ ಪದಕ್ಕೆ ಇಷ್ಟು ಚರ್ಚೆಯೇಕೆ ಎನ್ನುವಿರಾ? ಹನೂರಿನ ಕಡೆ ಎರಡು ಬಾವಿಗಳಿರುವ ಹೊಲವೊಂದನ್ನು ಮಾರಿ, ಪತ್ರದಲ್ಲಿ ಮಾರಿದವನಿಗೆ ‘ದಿ ವೆಲ್’ ಮೇಲೆ ಹಕ್ಕು ಉಳಿಯತಕ್ಕದ್ದೆಂದು ಬರೆದರೆನ್ನಿ. ಬರೆದವನ ಮನಸ್ಸಿನಲ್ಲಿ ಒಂದು ಬಾವಿ, ಓದಿದವನ ಮನಸ್ಸಿನಲ್ಲಿ ಮತ್ತೊಂದು. ಒಡಂಬಡಿಕೆ ಮುರಿಯಿತು, ಮುಂದಿನದು ನ್ಯಾಯಾಲಯದ ದಾರಿ.

ಉಚ್ಚಾರಣೆಯ ಮಾತೊಂದು. ವ್ಯಂಜನಧ್ವನಿಯ ಮುಂದೆ ಅದು ‘ದ’ ಎಂದೇ ಕೇಳುತ್ತದೆ. ಸ್ವರಧ್ವನಿಯ ಮುಂದೆ ‘ದಿ’.

ಇನ್ನು ಲೇಖನಿ ಹಿಡಿದಾಗ ನಿಯಮಾವಳಿಗೆ ಹೆದರಬೇಕಿಲ್ಲ. “ಯಾವುದೆಂದು ಓದುವವರಿಗೆ ಗೊತ್ತಿದೆಯೆ?” ಎಂದು ಕೇಳಿಕೊಳ್ಳೋಣ. ಅಜ್ಜಿಯ ಕಥೆ ಕೇಳಿ ಬೆಳೆದ ನಮಗೆ ಬಹುಮಟ್ಟಿಗೆ ಉತ್ತರ ತಾನಾಗಿ ಹೊಳೆದೀತು.