ಗರ್ಭಕೋಶದ ಔಷಧಿಗಳು: ಸೂಜಿ ಮಾಡಿಸುವ ಮುನ್ನ

(ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಹಾಲು ಉತ್ಪಾದಕ ಸದಸ್ಯರಿಗಾಗಿ ಮಾಡಿದ ಭಾಷಣ)



ಆಕಳು ಬೆದೆಗೆ ಬರಲಿಲ್ಲ, ಮಾಸು ಬೀಳಲಿಲ್ಲ, ಎಮ್ಮೆ ಸೊರ ಬಿಡಲಿಲ್ಲ ಎಂದರೆ ತಾವು ಮೊದಲು ಹೇಳುವುದು, 'ಒಂದು ಸೂಜಿ ಮಾಡ್ರಿ ಸಾಹೇಬ್ರ' ಎಂದು. ಆ ಸೂಜಿಯಲ್ಲಿ ಏನಿದೆ, ಯಾರಿಗೆ ಅಪಾಯ ಎಂಬುದನ್ನು ಇಂದು ತಿಳಿಯೋಣ.

ಮೊದಲನೆಯದು ಆಕ್ಸಿಟೋಸಿನ್. ಹೆರಿಗೆಯಾದ ಕೂಡಲೇ ರಕ್ತಸ್ರಾವ ತಡೆಯಲು ದವಾಖಾನೆಯಲ್ಲಿ ತಾಯಂದಿರಿಗೆ ಕೊಡುವ 10 ಯೂನಿಟ್ ಚುಚ್ಚುಮದ್ದು ಇದೇ. ಇದನ್ನು ದಿನಾಲು ಹಾಲು ಇಳಿಸಲು ಬಳಸುವುದು ತಪ್ಪು. ಇದು ಹೊಸ ಹಾಲು ಹುಟ್ಟಿಸುವುದಿಲ್ಲ, ಕೆಚ್ಚಲಲ್ಲಿ ಇದ್ದದ್ದನ್ನು ಇಳಿಸುತ್ತದೆ, ಅಷ್ಟೇ. ರೂಢಿಯಾದ ಮೇಲೆ ಸೂಜಿಯಿಲ್ಲದೆ ಪಶು ಸೊರ ಬಿಡುವುದಿಲ್ಲ. ಹಾಲಿಗಾಗಿ ಪಶುವಿನ ಆರೋಗ್ಯ ಕೆಡಿಸುವ ಚುಚ್ಚುಮದ್ದು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಕಲಮಿನಂತೆ ಅಪರಾಧ.

ಈ ದುರುಪಯೋಗ ತಡೆಯಲೆಂದು 2018ರಲ್ಲಿ ಕೇಂದ್ರ ಸರಕಾರ ಖಾಸಗಿ ತಯಾರಿಕೆ ನಿಲ್ಲಿಸಿ, ಬೆಂಗಳೂರಿನ ಸರಕಾರಿ ಸಂಸ್ಥೆಯಾದ ಕರ್ನಾಟಕ ಆ್ಯಂಟಿಬಯೋಟಿಕ್ಸ್‌ಗೆ ಮಾತ್ರ ಅದನ್ನು ವಹಿಸಲು ಆದೇಶಿಸಿತ್ತು. ಬಾಣಂತಿಯರಿಗೆ ಔಷಧಿಯ ಕೊರತೆಯಾದೀತೆಂಬ ಆತಂಕ ಎದ್ದಿತು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆದೇಶವನ್ನು ರದ್ದುಪಡಿಸಿತು. ಕೊಟ್ಟಿಗೆಯ ತಪ್ಪು ಹೆರಿಗೆ ಕೋಣೆಯವರೆಗೂ ಮುಟ್ಟುತ್ತದೆ ಎಂಬುದನ್ನು ಮರೆಯಬಾರದು. ಬೆಚ್ಚನೆಯ ನೀರಿನಿಂದ ಕೆಚ್ಚಲು ತೊಳೆದು, ಕರು ಬಿಟ್ಟು, ಹೊತ್ತಿಗೆ ಸರಿಯಾಗಿ ಹಿಂಡಿರಿ. ಆಗ ಪಶುವಿನ ಮೈಯಲ್ಲಿಯೇ ಈ ಹಾರ್ಮೋನು ಹುಟ್ಟುತ್ತದೆ.

ಎರಡನೆಯದು ಬೆದೆಗೆ ತರುವ ಪ್ರೋಸ್ಟಾಗ್ಲಾಂಡಿನ್. ಅಂಡಾಶಯ ಪರೀಕ್ಷಿಸಿ ಸರಿಯಾದ ದಿನ ಕೊಟ್ಟರೆ ಸಾಮಾನ್ಯವಾಗಿ 3ರಿಂದ 5 ದಿನಗಳಲ್ಲಿ ಬೆದೆ ಕಾಣುತ್ತದೆ. ಗಬ್ಬವಿದ್ದ ಪಶುವಿಗೆ ಕೊಟ್ಟರೆ ಕಂದು ಹಾಕುತ್ತದೆ. ಆದ್ದರಿಂದ ಗಬ್ಬ ಪರೀಕ್ಷೆಯಿಲ್ಲದೆ ಈ ಸೂಜಿ ಬೇಡ.

ಅಕ್ಕತಂಗಿಯರೆ, ಇದನ್ನು ಲಕ್ಷ್ಯಗೊಟ್ಟು ಕೇಳಿರಿ. ಈ ಔಷಧಿ ಚರ್ಮದ ಮೂಲಕವೂ ಮೈಯೊಳಗೆ ಹೋಗುತ್ತದೆ. ಬಸುರಿಯರಿಗೆ ಗರ್ಭಪಾತ, ದಮ್ಮಿನವರಿಗೆ ಉಸಿರುಗಟ್ಟುವಿಕೆ ಆಗಬಹುದು. ಇಂಥವರು ಬಾಟಲಿ, ಸಿರಿಂಜು ಮುಟ್ಟಲೇಬಾರದು. ಕೈಮೇಲೆ ಬಿದ್ದರೆ ತಕ್ಷಣ ಸಾಬೂನು ಹಚ್ಚಿ ತೊಳೆಯಿರಿ. ಖಾಲಿ ಬಾಟಲಿ ಮಕ್ಕಳ ಕೈಗೆ ಸಿಗದಿರಲಿ.

ಮೂರನೆಯದು ಗರ್ಭಕೋಶಕ್ಕೆ ಹಾಕುವ ಪ್ರತಿಜೀವಕ. ಈದು 12 ತಾಸಾದರೂ ಮಾಸು ಬೀಳದಿದ್ದರೆ ಎಳೆಯಬೇಡಿರಿ, ಕಲ್ಲು ಕಟ್ಟಬೇಡಿರಿ. ಪಶುವೈದ್ಯರನ್ನು ಕರೆಯಿರಿ. ಔಷಧಿ ಕೊಟ್ಟ ಮೇಲೆ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬಾರದು, ಮನೆಯಲ್ಲಿಯೂ ಕುಡಿಯಬಾರದು.

ಕೊನೆಯ ಮಾತು. ನಮ್ಮ ಘಟಪ್ರಭಾ ದಂಡೆಯಲ್ಲಿ ಕಬ್ಬಿನ ಸೋಗೆಗೆ ಬರವಿಲ್ಲ. ಆದರೆ ಸೋಗೆಯಲ್ಲಿನ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಡುತ್ತದೆ, ರಂಜಕವೂ ಅದರಲ್ಲಿ ಕಡಿಮೆ. ಬರಿ ಸೋಗೆ ತಿಂದ ಪಶು ಬೆದೆಗೆ ಬರದಿದ್ದರೆ ಸೂಜಿ ಏನು ಮಾಡೀತು? ಹಸಿ ಮೇವು, ಹಿಂಡಿ, ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ಕೊಡಿರಿ. ಬೆದೆ, ಕೃತಕ ಗರ್ಭಧಾರಣೆ ಮತ್ತು ಕೊಟ್ಟ ಔಷಧಿಯ ತಾರೀಖು ಬರೆದಿಡಿರಿ. ಮುಂದಿನ ಚಿಕಿತ್ಸೆಗೆ ಅದೇ ಆಧಾರ.